ಮನೆ ಇಂಟರ್ನೆಟ್‌ನಿಂದ ಆಫೀಸ್ ನೆಟ್‌ವರ್ಕ್‌ಗೆ ಕನೆಕ್ಟ್ ಆಗೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಮನೆಯಿಂದ ಕೆಲಸ ಮಾಡೋರು ಹೆಲ್ಪ್‌ಡೆಸ್ಕ್‌ಗೆ ಕಳ್ಸೋ ಮೆಸೇಜ್ ಯಾವಾಗ್ಲೂ ಒಂದೇ ಸಾಲು, "ವಿಪಿಎನ್ ವರ್ಕ್ ಆಗ್ತಿಲ್ಲ". ವಿಪಿಎನ್ ಅಂದ್ರೆ ಇಂಟರ್ನೆಟ್ ಮೇಲೇ ಆಫೀಸ್ ನೆಟ್‌ವರ್ಕ್ ತನಕ ಹಾಕೋ ಒಂದು ಗುಪ್ತ ದಾರಿ. ಆದ್ರೆ ನಿಮ್ಮ ಲ್ಯಾಪ್‌ಟಾಪ್‌ನಿಂದ ಆಫೀಸ್ ಸರ್ವರ್ ತನಕ ದಾರಿ ಉದ್ದ ಇದೆ. ಮನೆ ವೈಫೈ, ರೂಟರ್, ಇಂಟರ್ನೆಟ್ ಕೊಡೋ ಕಂಪನಿ, ಆಫೀಸ್‌ನ ಗೇಟ್‌ವೇ (ಒಳಗೆ ಬಿಡೋ ಬಾಗಿಲು), ಅದರ ಹಿಂದಿನ ಡಿಎನ್‌ಎಸ್ (ಹೆಸರು ಕೊಟ್ರೆ ಐಪಿ ಅಡ್ರೆಸ್ ಹೇಳೋದು), ಆಮೇಲೆ ಆ ಸರ್ವರ್ರು. ಇದ್ರಲ್ಲಿ ಯಾವ್ದು ಕೈಕೊಟ್ರೂ ಬೈಗುಳ ಮಾತ್ರ ವಿಪಿಎನ್‌ಗೆ. ಅದಕ್ಕೇ ಇಲ್ಲಿ ಸೆಟ್ಟಿಂಗ್ ಬದಲಾಯಿಸೋದಕ್ಕಿಂತ ಎಲ್ಲಿ ಸಿಕ್ಕಾಕೊಂಡಿದೆ ಅಂತ ಹುಡುಕೋ ಕಡೆ ಜಾಸ್ತಿ ಬರ್ದಿದೀನಿ.

ಮನೇಲಿ ಇಂಟರ್ನೆಟ್ ಚೆನ್ನಾಗೇ ಇದೆ, ಮತ್ಯಾಕೆ ವಿಪಿಎನ್?

ಆಫೀಸ್ ಒಳಗಿನ ಫೈಲ್ ಸರ್ವರ್, ಅಕೌಂಟ್ಸ್ ಸಾಫ್ಟ್‌ವೇರ್, ಡೇಟಾಬೇಸ್ ಇವೆಲ್ಲ ಸಾಮಾನ್ಯವಾಗಿ ಪ್ರೈವೇಟ್ ಐಪಿ ಅಡ್ರೆಸ್‌ನಲ್ಲಿ ಇರ್ತವೆ, ಅಂದ್ರೆ 10ರಿಂದ ಶುರುವಾಗೋವು, 172.16ರಿಂದ 172.31ರ ತನಕ, ಇಲ್ಲಾ 192.168. ಈ ಮೂರು ಗುಂಪನ್ನ ಒಳಗಿನ ಬಳಕೆಗೆ ಅಂತಾನೇ ಎತ್ತಿಟ್ಟಿದಾರೆ, 1996ರ ಆರ್‌ಎಫ್‌ಸಿ 1918 ಅನ್ನೋ ಇಂಟರ್ನೆಟ್ ದಾಖಲೆಯಲ್ಲೇ ಇದೆ. ಹೊರಗಿನ ಇಂಟರ್ನೆಟ್‌ನಲ್ಲಿ ಆ ಅಡ್ರೆಸ್ ಕೇಳಿದ್ರೆ ಯಾರೂ ದಾರಿ ತೋರ್ಸಲ್ಲ. ವಿಪಿಎನ್ ಹಾಕ್ದಾಗ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ವರ್ಚುವಲ್ ಅಡಾಪ್ಟರ್ ಎದ್ದು ಕೂತ್ಕೊಂಡು ಅದಕ್ಕೆ ಆಫೀಸ್ ಕಡೆ ಒಂದು ಐಪಿ ಸಿಗತ್ತೆ, ಆಫೀಸ್‌ಗೆ ಹೋಗ್ಬೇಕಾದ ಪ್ರತಿ ಪ್ಯಾಕೆಟ್ಟೂ (ಡೇಟಾದ ಒಂದೊಂದು ತುಂಡೂ) ಎನ್‌ಕ್ರಿಪ್ಟ್ ಆಗಿ ಇನ್ನೊಂದು ಪ್ಯಾಕೆಟ್ ಒಳಗೆ ಕೂತು ಗೇಟ್‌ವೇಗೆ ಹೋಗತ್ತೆ, ಅಲ್ಲಿ ಬಿಚ್ಚಿ ಒಳಗೆ ಬಿಡ್ತಾರೆ. ಈ ದಾರಿಗೇ ಟನಲ್ ಅಂತಾರೆ.

ಬರೀ ಮೇಲ್ ನೋಡೋದು, ಬ್ರೌಸರ್‌ನಲ್ಲಿ ಓಡೋ ಕ್ಲೌಡ್ ಆ್ಯಪ್ ಬಳಸೋದು ಇಷ್ಟೇ ಆದ್ರೆ ನಿಮಗೆ ವಿಪಿಎನ್ನೇ ಬೇಡದೆ ಇರಬಹುದು, ಒಂದ್ಸಲ ಕೇಳಿ ನೋಡಿ. ಬೇಡದೆ ಇದ್ರೂ ಇಡೀ ದಿನ ಹಾಕ್ಕೊಂಡು ಕೂತು ಸ್ಲೋ ಅಂತ ಗೊಣಗೋರು ಬೇಜಾನ್ ಜನ ಇದಾರೆ.

ನಮ್ಮ ಆಫೀಸ್‌ದು ಯಾವ ತರದ ವಿಪಿಎನ್ ಅಂತ ತಿಳ್ಕೊಳ್ಳೋ ಅಗತ್ಯ ಇದ್ಯಾ?

ಇದೆ, ಯಾಕಂದ್ರೆ ಯಾವ ಪೋರ್ಟ್ (ಟ್ರಾಫಿಕ್ ಹೋಗೋ ನಂಬರ್ ಹಾಕಿದ ಬಾಗಿಲು) ತೆರೆದಿರ್ಬೇಕು ಅನ್ನೋದು ಅದ್ರ ಮೇಲೆ ನಿಂತಿದೆ. ಐಪಿಸೆಕ್ ಆದ್ರೆ ಯುಡಿಪಿ (ಪ್ಯಾಕೆಟ್ ಕಳ್ಸೋ ಒಂದು ವಿಧಾನ) 500 ಮತ್ತೆ 4500, ಓಪನ್‌ವಿಪಿಎನ್ ಸಾಮಾನ್ಯವಾಗಿ ಯುಡಿಪಿ 1194, ವೈರ್‌ಗಾರ್ಡ್‌ದು ಹೆಚ್ಚಾಗಿ ಯುಡಿಪಿ 51820, ಎಸ್‌ಎಸ್‌ಎಲ್ ವಿಪಿಎನ್ ಅಂತ ಕರೆಯೋವು 443ರಲ್ಲೇ ಓಡ್ತವೆ. 443 ಅಂದ್ರೆ ಮಾಮೂಲಿ ವೆಬ್‌ಸೈಟ್‌ಗಳು ಬಳಸೋ ಪೋರ್ಟು, ಅದನ್ನ ಯಾರೂ ಸುಲಭಕ್ಕೆ ಮುಚ್ಚಲ್ಲ, ಹಾಗಾಗಿ ಹೋಟೆಲ್, ಏರ್‌ಪೋರ್ಟ್ ವೈಫೈನಲ್ಲಿ ಬೇರೆಲ್ಲ ಸತ್ತ್ರೂ ಇದು ಬದುಕ್ಕೊಂಡಿರತ್ತೆ.

ನಿಮ್ಮ ಕಂಪನಿ ಇನ್ನೂ ಪಿಪಿಟಿಪಿ ಅನ್ನೋ ಹಳೇ ತರದ ವಿಪಿಎನ್ ಬಳಸ್ತಿದೆ ಅಂದ್ರೆ ಸ್ವಲ್ಪ ಗಲಾಟೆ ಮಾಡಿ. ಅದರ ಪಾಸ್‌ವರ್ಡ್ ಪರಿಶೀಲನೆ ಮಾಡೋ ವಿಧಾನವನ್ನ ಮುರೀಬಹುದು ಅಂತ 2012ರಲ್ಲೇ ಎಲ್ರೆದುರು ತೋರ್ಸಾಗಿದೆ, ಆಪಲ್ 2016ರಲ್ಲಿ ಐಓಎಸ್ 10 ಮತ್ತೆ ಮ್ಯಾಕ್‌ಓಎಸ್ ಸಿಯೆರಾದಿಂದ ಕಿತ್ತೇ ಹಾಕ್ತು.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕನೆಕ್ಟ್ ಆಗತ್ತೆ, ಮನೆ ವೈಫೈನಲ್ಲಿ ಆಗಲ್ಲ. ಏನರ್ಥ?

ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್, ಲ್ಯಾಪ್‌ಟಾಪ್, ಆಫೀಸ್ ಗೇಟ್‌ವೇ ಎಲ್ಲಾ ಸರಿಯಿದೆ ಅಂತರ್ಥ. ಒಂದೇ ಟೆಸ್ಟ್‌ನಲ್ಲಿ ಅರ್ಧ ದಾರಿ ಕ್ಲಿಯರ್ ಆಯ್ತು, ಅದಕ್ಕೇ ಹೆಲ್ಪ್‌ಡೆಸ್ಕ್‌ನೋರು ಮೊದ್ಲು ಇದನ್ನೇ ಮಾಡಿ ಅಂತಾರೆ, ನಿಮ್ಮನ್ನ ಸಾಗಹಾಕೋಕಲ್ಲ. ಇನ್ನು ಉಳಿದಿರೋದು ಮನೆ ರೂಟರ್ ಅಥವಾ ಇಂಟರ್ನೆಟ್ ಕೊಡೋ ಕಂಪನಿ.

ರೂಟರ್‌ನಲ್ಲಿ ವಿಪಿಎನ್ ಪಾಸ್‌ಥ್ರೂ ಅಂತ ಒಂದು ಆಪ್ಷನ್ ಇರತ್ತೆ, ಆನ್ ಇದ್ರೆ ಆಫ್ ಮಾಡಿ ನೋಡಿ, ಆಫ್ ಇದ್ರೆ ಆನ್. ಕೇಳೋಕೆ ತಮಾಷೆ ಅನ್ಸತ್ತೆ ಆದ್ರೆ ಕೆಲವು ರೂಟರ್‌ಗಳು ಐಪಿಸೆಕ್‌ಗೆ ಸಹಾಯ ಮಾಡೋಕೆ ಹೋಗಿ ಪ್ಯಾಕೆಟ್ಟನ್ನೇ ಕೆಡಿಸಿಬಿಡ್ತವೆ. ಪೇರೆಂಟಲ್ ಕಂಟ್ರೋಲ್ ಹಾಕಿದ್ರೆ ಅದರಲ್ಲಿ ವಿಪಿಎನ್ ಬ್ಲಾಕ್ ಅಂತ ಟಿಕ್ ಆಗಿರಬಹುದು, ನೋಡಿ. ಇಂಟರ್ನೆಟ್ ಕಂಪನಿ ಕೊಟ್ಟ ಮೋಡೆಮ್ಮೇ ಒಂದು ರೂಟರ್ ಆಗಿದ್ದು ಅದರ ಹಿಂದೆ ನೀವು ಇನ್ನೊಂದು ರೂಟರ್ ಹಾಕಿದ್ರೆ ಎರಡೆರಡು ಸಲ ನ್ಯಾಟ್ (ಒಳಗಿನ ಐಪಿಯನ್ನ ಹೊರಗಿನ ಐಪಿಗೆ ಬದಲಾಯಿಸೋದು) ಆಗತ್ತೆ, ಹೆಚ್ಚಿನ ವಿಪಿಎನ್ ಇದನ್ನ ತಡ್ಕೊಳ್ತವೆ, ಹಳೇವು ತಡ್ಕೊಳ್ಳಲ್ಲ. ವಿಂಡೋಸ್‌ನಲ್ಲಿ ಎರರ್ 809 ಬಂದ್ರೆ ಹೆಚ್ಚಾಗಿ ಇದೇ ಕಥೆ, ದಾರೀಲಿ ಯಾರೋ ತಡೀತಿದಾರೆ ಅಂತ.

ಗಂಡ ಹೆಂಡತಿ ಇಬ್ರೂ ಒಂದೇ ಕಂಪನಿ, ಒಬ್ರು ಕನೆಕ್ಟ್ ಆದ್ರೆ ಇನ್ನೊಬ್ರುದು ಬಿದ್ದೋಗತ್ತೆ ಅಂತಾನೂ ಕೇಳ್ತಾರೆ. ಎಲ್‌2ಟಿಪಿ (ಇನ್ನೊಂದು ತರದ ವಿಪಿಎನ್), ಐಪಿಸೆಕ್‌ನಲ್ಲಿ ಇದು ಹಳೇ ಕಾಯಿಲೆ, ಒಂದೇ ರೂಟರ್ ಹಿಂದಿಂದ ಒಂದೇ ಗೇಟ್‌ವೇಗೆ ಎರಡು ಟನಲ್ ಹೋದಾಗ ಬರೋ ಉತ್ತರ ಯಾರದ್ದು ಅಂತ ರೂಟರ್‌ಗೆ ಗೊಂದಲ ಆಗತ್ತೆ. 443ರಲ್ಲಿ ಓಡೋ ಆಯ್ಕೆ ಇದ್ರೆ ಒಬ್ರು ಅದಕ್ಕೆ ಬದಲಾಯಿಸಿಕೊಳ್ಳಿ.

ಕನೆಕ್ಟೆಡ್ ಅಂತ ಹಸಿರು ಬಣ್ಣ ತೋರಿಸ್ತಿದೆ, ಆದ್ರೆ ಒಂದೂ ಓಪನ್ ಆಗ್ತಿಲ್ಲ?

ಜಾಸ್ತಿ ತಲೆ ತಿನ್ನೋ ಪ್ರಶ್ನೆ ಅಂದ್ರೆ ಇದೇ. ಹಸಿರು ಬಣ್ಣ ಅಂದ್ರೆ ಟನಲ್ ನಿಂತಿದೆ ಅಷ್ಟೇ, ಅದರೊಳಗೆ ನಿಮ್ಮ ಡೇಟಾ ಹೋಗ್ತಿದೆ ಅಂತಲ್ಲ. ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರತ್ತೆ.

ಮೊದಲನೇದು, ಅಡ್ರೆಸ್ ಡಿಕ್ಕಿ. ಮನೆ ರೂಟರ್‌ಗಳು ಹೆಚ್ಚಾಗಿ 192.168.0 ಅಥವಾ 192.168.1 ಅಂತ ಬರ್ತವೆ. ಆಫೀಸ್‌ನಲ್ಲೂ ಯಾರೋ ಹಿಂದೆ ಅದನ್ನೇ ಇಟ್ಟಿದ್ರೆ, ಫೈಲ್ ಸರ್ವರ್ 192.168.1.20 ಅಂತ ಇದ್ರೆ, ನಿಮ್ಮ ಲ್ಯಾಪ್‌ಟಾಪ್ ಅಂದ್ಕೊಳ್ಳತ್ತೆ ಅದು ಇದೇ ಮನೇಲಿ ಟಿವಿ ಪಕ್ಕದಲ್ಲೆಲ್ಲೋ ಇದೆ ಅಂತ. ಟನಲ್ ಕಡೆ ಕಳ್ಸೋದೇ ಇಲ್ಲ, ಮನೆಯೊಳಗೇ ಹುಡುಕಿ ಹುಡುಕಿ ಸುಸ್ತಾಗತ್ತೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್‌ಫಿಗ್ ಹೊಡೆದು ವೈಫೈ ಅಡಾಪ್ಟರ್ ಐಪಿ ನೋಡಿ, ಆಫೀಸ್ ಸರ್ವರ್ ಐಪಿ ಜೊತೆ ಮೊದಲ ಮೂರು ಸಂಖ್ಯೆ ಹೊಂದಿದ್ರೆ ಕಳ್ಳ ಸಿಕ್ಕ ಹಾಗೇ. ಮನೆ ರೂಟರ್‌ನ ಲ್ಯಾನ್ ಅಡ್ರೆಸ್ಸನ್ನ ಯಾರೂ ಇಡದಂಥದ್ದಕ್ಕೆ, 192.168.83.1 ತರದ್ದಕ್ಕೆ ಬದಲಾಯಿಸಿ ರೀಸ್ಟಾರ್ಟ್ ಮಾಡಿ. ಪ್ರಿಂಟರ್, ಕ್ಯಾಮೆರಾಗೆ ಕೈಯಾರೆ ಐಪಿ ಹಾಕಿದ್ರೆ ಅವನ್ನೂ ಬದಲಾಯಿಸ್ಬೇಕಾಗತ್ತೆ, ಅದು ನೆನಪಿರ್ಲಿ.

ಎರಡನೇದು ಡಿಎನ್‌ಎಸ್. ಸರ್ವರ್‌ನ ಐಪಿ ಹೊಡೆದ್ರೆ ಬರತ್ತೆ, ಹೆಸರು ಹೊಡೆದ್ರೆ ಬರಲ್ಲ ಅಂದ್ರೆ ಇನ್ನೇನೂ ಹುಡುಕೋದು ಬೇಡ. ಆಫೀಸ್ ಒಳಗಿನ ಹೆಸರುಗಳು ಆಫೀಸ್ ಡಿಎನ್‌ಎಸ್‌ಗೆ ಮಾತ್ರ ಗೊತ್ತು, ನೀವು ಯಾವತ್ತೋ ಸ್ಪೀಡ್ ಆಗ್ಲಿ ಅಂತ ಅಡಾಪ್ಟರ್‌ನಲ್ಲಿ 8.8.8.8 ಹಾಕಿ ಮರೆತಿದ್ರೆ ಲ್ಯಾಪ್‌ಟಾಪ್ ಹೋಗಿ ಗೂಗಲ್‌ನ ಕೇಳತ್ತೆ, ಅದಕ್ಕೇನು ಗೊತ್ತು ಪಾಪ. ಬ್ರೌಸರ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಆನ್ ಇದ್ರೂ ಹಿಂಗೇ ಆಗಬಹುದು, ಆಗ ಬೇರೆ ಸಾಫ್ಟ್‌ವೇರೆಲ್ಲ ಹೆಸರಲ್ಲೇ ಕನೆಕ್ಟ್ ಆಗ್ತವೆ, ಬ್ರೌಸರ್ ಒಂದೇ ಸೈಟ್ ಸಿಗ್ಲಿಲ್ಲ ಅನ್ನತ್ತೆ.

ಮೂರನೇದು ಎಂಟಿಯು, ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ, ಇದನ್ನ ಯಾರೂ ಮೊದ್ಲು ಅನುಮಾನ ಪಡಲ್ಲ. ಲಕ್ಷಣ ವಿಚಿತ್ರವಾಗಿರತ್ತೆ: ಲಾಗಿನ್ ಆಗತ್ತೆ, ಪಿಂಗ್ (ಆಕಡೆಯಿಂದ ಉತ್ತರ ಬರತ್ತಾ ಅಂತ ನೋಡೋ ಪುಟ್ಟ ಟೆಸ್ಟ್) ಹೋಗತ್ತೆ, ಚಿಕ್ಕ ಪೇಜ್ ಓಪನ್ ಆಗತ್ತೆ, ದೊಡ್ಡ ಫೈಲೋ ದೊಡ್ಡ ರಿಪೋರ್ಟೋ ತೆಗೆದ್ರೆ ಅಲ್ಲೇ ನೇತಾಡ್ತಿರತ್ತೆ. ಮಾಮೂಲಿ ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ತನಕ ಹೋಗತ್ತೆ, ಪಿಪಿಪಿಓಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗೋ ತರದ) ಲೈನ್ ಆದ್ರೆ 8 ಬೈಟ್ ಅದಕ್ಕೇ ಹೋಗಿ 1492, ಅದರ ಮೇಲೆ ಟನಲ್ ತನ್ನ ಪಾಲು ತಗೊಳ್ಳತ್ತೆ, ವೈರ್‌ಗಾರ್ಡ್ ತಾನೇ 1420 ಅಂತ ಇಟ್ಕೊಳ್ಳೋದು ಅದಕ್ಕೇ. ಲೆಕ್ಕ ತಪ್ಪಿ ದೊಡ್ಡ ಪ್ಯಾಕೆಟ್ ಬಂದ್ರೆ ದಾರೀಲೇ ಬಿಸಾಕ್ತಾರೆ, ಬಿಸಾಕಿದ್ವಿ ಅಂತ ಹೇಳೋ ಮೆಸೇಜನ್ನ ಇನ್ಯಾವ್ದೋ ಫೈರ್‌ವಾಲ್ ತಿಂದಾಕತ್ತೆ.

ಚೆಕ್ ಮಾಡೋದು ಹಿಂಗೆ, ವಿಪಿಎನ್ ತೆಗೆದು ವಿಂಡೋಸ್‌ನಲ್ಲಿ ಪಿಂಗ್ ಜೊತೆ ಮೈನಸ್ ಎಫ್, ಮೈನಸ್ ಎಲ್ 1472 ಅಂತ ಹಾಕಿ ಹೊರಗಿನ ಯಾವ್ದಾದ್ರೂ ಅಡ್ರೆಸ್‌ಗೆ ಹೊಡೀರಿ. 1472ಕ್ಕೆ ಹೆಡರ್‌ಗಳ 28 ಸೇರಿ 1500. ಹೋಗ್ಲಿಲ್ಲ ಅಂದ್ರೆ 1464, ಹಿಂಗೇ ಇಳಿಸ್ತಾ ಹೋಗಿ. ಆಮೇಲೆ ವಿಪಿಎನ್ ಹಾಕಿ ಆಫೀಸ್ ಸರ್ವರ್‌ಗೂ ಅದೇ ತರ ಮಾಡಿ. ಎಷ್ಟರಲ್ಲಿ ಹೋಯ್ತು ಅನ್ನೋ ಆ ಎರಡು ನಂಬರ್ ಐಟಿಯವ್ರಿಗೆ ಕೊಟ್ರೆ ಅವ್ರು ನಿಮ್ಮನ್ನ ನೋಡೋ ರೀತೀನೇ ಬದಲಾಗತ್ತೆ.

ಲೈನ್ 100 ಎಂಬಿಪಿಎಸ್ ಇದೆ, ವಿಪಿಎನ್‌ನಲ್ಲಿ ಒಂದು ಫೋಲ್ಡರ್ ಓಪನ್ ಆಗೋಕೆ ಇಷ್ಟೊತ್ತು ಯಾಕೆ?

ಎಂಬಿಪಿಎಸ್ ಅನ್ನೋದು ಪೈಪ್ ಎಷ್ಟು ಅಗಲ ಅಂತ ಹೇಳತ್ತೆ, ದೂರ ಎಷ್ಟು ಅಂತಲ್ಲ. ಲೇಟೆನ್ಸಿ ನೋಡಿ, ಅಂದ್ರೆ ಒಂದು ಪ್ಯಾಕೆಟ್ ಹೋಗಿ ಬರೋಕೆ ಹಿಡಿಯೋ ಟೈಮು. ಒಂದು ಸಣ್ಣ ಲೆಕ್ಕ ಹಾಕೋಣ: ಫೋಲ್ಡರ್‌ನಲ್ಲಿ 1000 ಚಿಕ್ಕ ಚಿಕ್ಕ ಫೈಲ್ ಇದೆ, ಒಂದೊಂದಕ್ಕೂ ಲ್ಯಾಪ್‌ಟಾಪು ಸರ್ವರ್ರು 5 ಸಲ ಮಾತಾಡ್ಬೇಕು ಅಂದ್ಕೊಳ್ಳಿ, ಆಫೀಸ್‌ನಲ್ಲಿ ಒಂದು ಸಲ ಹೋಗ್ಬರೋಕೆ 1 ಮಿಲಿಸೆಕೆಂಡ್ ಆದ್ರೆ 5 ಸೆಕೆಂಡಲ್ಲಿ ಮುಗೀತು. ಮನೆಯಿಂದ 60 ಮಿಲಿಸೆಕೆಂಡ್ ಆದ್ರೆ ಅದೇ ಕೆಲಸಕ್ಕೆ 300 ಸೆಕೆಂಡ್, 5 ನಿಮಿಷ. ನೀವು ಲೈನನ್ನ 500 ಎಂಬಿಪಿಎಸ್‌ಗೆ ಅಪ್‌ಗ್ರೇಡ್ ಮಾಡಿದ್ರೂ ಈ 5 ನಿಮಿಷ ಹಂಗೇ ಇರತ್ತೆ, ದುಡ್ಡು ದಂಡ.

ಹಾಗಾಗಿ ಫೈಲ್‌ಗಳನ್ನ ಜಿಪ್ ಮಾಡಿ ಒಂದೇ ಫೈಲಾಗಿ ತನ್ನಿ, ಇಲ್ಲಾ ಆಫೀಸ್‌ನಲ್ಲೇ ಇರೋ ಕಂಪ್ಯೂಟರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಹಾಕಿ ಅಲ್ಲೇ ಕೆಲಸ ಮಾಡಿ, ಆಗ ದಾರೀಲಿ ಓಡಾಡೋದು ಬರೀ ಸ್ಕ್ರೀನಿನ ಚಿತ್ರ, ಕೀಬೋರ್ಡ್, ಮೌಸು. ದೊಡ್ಡ ಎಕ್ಸೆಲ್ ಶೀಟು, ಅಕೌಂಟ್ಸ್ ಡೇಟಾ ಫೈಲನ್ನ ನೇರವಾಗಿ ಶೇರ್ಡ್ ಡ್ರೈವ್‌ನಿಂದ ಮನೇಲಿ ಓಪನ್ ಮಾಡ್ಬೇಡಿ. ಮಧ್ಯದಲ್ಲಿ ಲೈನ್ ಹೋಯ್ತು ಅಂದ್ರೆ ಫೈಲ್ ಕೆಟ್ಟೋಗೋ ಚಾನ್ಸ್ ಇದೆ.

ಇನ್ನೊಂದು, ನಿಧಾನ ಅನ್ನಿಸ್ದಾಗ ಮೊದ್ಲು ನಿಮ್ಮ ಮನೆ ರೂಟರ್‌ಗೇ ಪಿಂಗ್ ಬಿಟ್ಟು ಒಂದೆರಡು ನಿಮಿಷ ನೋಡಿ. ಒಂದಂಕಿ ಮಿಲಿಸೆಕೆಂಡಲ್ಲೇ ನಿಂತಿದ್ರೆ ವೈಫೈ ಆರೋಗ್ಯವಾಗಿದೆ. 3, 4, 180, 5, 240 ಅಂತ ಕುಣೀತಿದ್ರೆ ರೋಗ ನಿಮ್ಮ ಮನೆಯೊಳಗೇ ಇದೆ, ವಿಪಿಎನ್‌ಗೆ ಬೈದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ ಅನ್ನೋ ಹಾಗೆ. ಲ್ಯಾನ್ ಕೇಬಲ್ ಹಾಕಿ. ಕೇಬಲ್ ಎಳೆಯೋಕಾಗಲ್ಲ ಅಂದ್ರೆ 5 ಗಿಗಾಹರ್ಟ್ಜ್ ವೈಫೈ, ರೂಟರ್ ಇರೋ ರೂಮಲ್ಲೇ ಕೂತ್ಕೊಳ್ಳಿ. ಗೋಡೆ ಜಾಸ್ತಿ ಆದಷ್ಟೂ 5 ಗಿಗಾಹರ್ಟ್ಜ್ ಸುಸ್ತಾಗತ್ತೆ.

ಅಪ್‌ಲೋಡ್ ಕಡೇನೂ ಕಣ್ಣಿಡಿ. ಮನೇಲಿ ಯಾರ್ದೋ ಫೋನು ಫೋಟೋಗಳನ್ನೆಲ್ಲ ಕ್ಲೌಡ್‌ಗೆ ಬ್ಯಾಕಪ್ ಮಾಡ್ತಾ ಕೂತಿದ್ರೆ ಅಪ್‌ಲೋಡ್ ತುಂಬಿ ರೂಟರ್‌ನಲ್ಲಿ ಕ್ಯೂ ಬೆಳೆದು ನಿಮ್ಮ ಮೌಸ್ ಕ್ಲಿಕ್ ಕೂಡ ಆ ಕ್ಯೂನಲ್ಲಿ ನಿಲ್ಬೇಕಾಗತ್ತೆ.

ವಿಪಿಎನ್ ಹಾಕಿದ್ರೆ ವಿಡಿಯೋ ಕಾಲ್ ಒಡೆದೊಡೆದು ಬರತ್ತೆ, ತೆಗೆದ್ರೆ ಚೆನ್ನಾಗಿರತ್ತೆ. ತೆಗೆದೇ ಮಾತಾಡ್ಲಾ?

ನಿಮ್ಮ ಕಂಪನಿ ಫುಲ್ ಟನಲ್ ಇಟ್ಟಿದೆ ಅನ್ಸತ್ತೆ. ಅಂದ್ರೆ ಎಲ್ಲಾ ಟ್ರಾಫಿಕ್ಕೂ ಮೊದ್ಲು ಆಫೀಸ್‌ಗೆ ಹೋಗಿ ಅಲ್ಲಿಂದ ಇಂಟರ್ನೆಟ್‌ಗೆ ಹೋಗತ್ತೆ, ವಿಡಿಯೋ ಕಾಲೂ ಸೇರಿ. ಸ್ಪ್ಲಿಟ್ ಟನಲ್‌ನಲ್ಲಿ ಆಫೀಸ್‌ದು ಮಾತ್ರ ಟನಲ್‌ಗೆ, ಮಿಕ್ಕಿದ್ದು ನೇರ. 2020ರಲ್ಲಿ ಎಲ್ರೂ ಒಟ್ಟಿಗೆ ಮನೆ ಸೇರ್ದಾಗ ಮೈಕ್ರೋಸಾಫ್ಟೇ ಟೀಮ್ಸ್ ಟ್ರಾಫಿಕ್ಕನ್ನ ವಿಪಿಎನ್ ಹೊರಗಿಂದ ಬಿಡಿ ಅಂತ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. ಆದ್ರೆ ಇದು ಕಂಪನಿ ಮಾಡ್ಬೇಕಾದ ತೀರ್ಮಾನ, ನೀವೇ ರೂಟ್ ಟೇಬಲ್ (ಯಾವ ಟ್ರಾಫಿಕ್ ಯಾವ ದಾರಿ ಅನ್ನೋ ಪಟ್ಟಿ) ತಿದ್ದೋಕೆ ಹೋಗ್ಬೇಡಿ. ಕಾಲ್‌ಗೆ ಆಫೀಸ್ ಫೈಲ್ ಬೇಕಿಲ್ಲ, ಕಂಪನಿ ರೂಲ್ ಒಪ್ಪತ್ತೆ ಅಂದ್ರೆ ತೆಗೆದು ಮಾತಾಡಿ, ಆಮೇಲೆ ಹಾಕ್ಕೊಳ್ಳಿ.

ವಿಪಿಎನ್ ಹಾಕಿದ್ ಕೂಡ್ಲೇ ಮನೆ ಪ್ರಿಂಟರ್ ಮಾಯ?

ಅದೂ ಫುಲ್ ಟನಲ್ ಮಹಿಮೆನೇ. ಕೆಲವು ಕ್ಲೈಂಟ್‌ಗಳಲ್ಲಿ ಲೋಕಲ್ ಲ್ಯಾನ್ ಆ್ಯಕ್ಸೆಸ್ ಅಂತ ಟಿಕ್ ಮಾಡೋಕಿರತ್ತೆ, ಅದು ಮಂಕಾಗಿದ್ರೆ ಐಟಿಯವ್ರು ಬೇಕಂತಾನೇ ಮುಚ್ಚಿದಾರೆ. ಯುಎಸ್‌ಬಿ ಕೇಬಲ್ ಚುಚ್ಚಿದ್ರೆ ಪ್ರಿಂಟ್ ಬರತ್ತೆ.

ಮಧ್ಯೆ ಮಧ್ಯೆ ಕಟ್ ಆಗತ್ತೆ.

ಗಡಿಯಾರ ನೋಡಿ. ಕನೆಕ್ಟ್ ಆಗಿ ಸರಿಯಾಗಿ ಇಂತಿಷ್ಟು ಗಂಟೆಗೆ ಕಟ್ ಆದ್ರೆ ಅದು ಸೆಷನ್ ಟೈಮ್‌ಔಟ್, ಕಂಪನಿ ರೂಲು. ಊಟಕ್ಕೆ ಹೋಗಿ ಬಂದಾಗ ಮಾತ್ರ ಆದ್ರೆ ಐಡಲ್ ಟೈಮ್‌ಔಟ್ ಅಥವಾ ಲ್ಯಾಪ್‌ಟಾಪ್ ಸ್ಲೀಪ್ ಆಗಿದೆ. ಯಾವಾಗ ಬೇಕಾದ್ರೂ ಆದ್ರೆ ವೈಫೈ ಅಥವಾ ಲೈನು. ಸುಮ್ನೆ ಬಿಟ್ಟಾಗ ಟನಲ್ ಸತ್ತು ಏನೋ ಕ್ಲಿಕ್ ಮಾಡ್ದಾಗ ಮತ್ತೆ ಏಳೋ ತರ ಇದ್ರೆ ದಾರೀಲಿರೋ ನ್ಯಾಟ್ ನಿಮ್ಮನ್ನ ಮರೀತಿದೆ ಅಂತ, ವೈರ್‌ಗಾರ್ಡ್‌ನಲ್ಲಿ ಕೀಪ್‌ಅಲೈವ್ 25 ಸೆಕೆಂಡ್ ಇಡೋದು ಇದಕ್ಕೇ.

ಪಾಸ್‌ವರ್ಡ್ ಎಕ್ಸ್‌ಪೈರ್ ಆಗ್ತಿದೆ ಅಂತ ಬಂತು, ಮನೆಯಿಂದ ಹೇಗೆ ಬದಲಾಯಿಸ್ಲಿ?

ಎಕ್ಸ್‌ಪೈರ್ ಆಗೋದಕ್ಕೆ ಮುಂಚೆನೇ ಮಾಡಿ. ಡೊಮೇನ್‌ಗೆ (ಕಂಪನಿ ಎಲ್ರ ಲಾಗಿನ್ ಒಂದೇ ಕಡೆ ನೋಡ್ಕೊಳ್ಳೋ ವ್ಯವಸ್ಥೆಗೆ) ಸೇರಿದ ವಿಂಡೋಸ್ ಲ್ಯಾಪ್‌ಟಾಪ್ ಆದ್ರೆ ಮೊದ್ಲು ಹಳೇ ಪಾಸ್‌ವರ್ಡ್‌ನಲ್ಲೇ ವಿಪಿಎನ್ ಹಾಕಿ, ಆಮೇಲೆ ಕಂಟ್ರೋಲ್ ಆಲ್ಟ್ ಡಿಲೀಟ್ ಒತ್ತಿ ಚೇಂಜ್ ಪಾಸ್‌ವರ್ಡ್. ವಿಪಿಎನ್ ಇನ್ನೂ ಆನ್ ಇರೋವಾಗ್ಲೇ ಸ್ಕ್ರೀನ್ ಲಾಕ್ ಮಾಡಿ ಹೊಸ ಪಾಸ್‌ವರ್ಡ್‌ನಿಂದ ತೆಗೀರಿ. ಈ ಲಾಕ್ ಮಾಡಿ ತೆಗೆಯೋ ಕೆಲಸ ಬಿಟ್ರೆ ಲ್ಯಾಪ್‌ಟಾಪ್ ಒಳಗೆ ಹಳೇ ಪಾಸ್‌ವರ್ಡೇ ನೆನಪಲ್ಲಿ ಉಳ್ಕೊಂಡು, ಲಾಗಿನ್‌ಗೆ ಒಂದು ವಿಪಿಎನ್‌ಗೆ ಇನ್ನೊಂದು ಅನ್ನೋ ಪಜೀತಿ ಶುರುವಾಗತ್ತೆ.

ಬದಲಾಯಿಸಿದ ಮೇಲೆ ಫೋನ್‌ನಲ್ಲಿರೋ ಆಫೀಸ್ ಮೇಲ್‌ಗೂ ಹೊಸದನ್ನ ಹಾಕಿ. ಇಲ್ಲಾಂದ್ರೆ ಫೋನು ಹಳೇ ಪಾಸ್‌ವರ್ಡ್ ಹೊಡೀತಾ ಹೊಡೀತಾ ಅಕೌಂಟ್ ಲಾಕ್ ಮಾಡ್ಸತ್ತೆ, ನೀವು ವಿಪಿಎನ್‌ನಲ್ಲಿ ಸರಿಯಾದ ಪಾಸ್‌ವರ್ಡ್ ಹಾಕಿದ್ರೂ ಎರರ್ 691, ಅಂದ್ರೆ ಲಾಗಿನ್ ಒಪ್ಪಲ್ಲ.

ಒಟಿಪಿ ಸರಿಯಾಗೇ ಹಾಕ್ತಿದೀನಿ, ತಪ್ಪು ಅಂತಿದೆ?

ಆಥೆಂಟಿಕೇಟರ್ ಆ್ಯಪ್ ತೋರ್ಸೋ ಆರಂಕಿ ಸಾಮಾನ್ಯವಾಗಿ 30 ಸೆಕೆಂಡ್‌ಗೊಂದ್ಸಲ ಬದಲಾಗತ್ತೆ, ಅದು ಫೋನಿನ ಟೈಮ್ ಮೇಲೆ ಲೆಕ್ಕ ಹಾಕೋದು. ಫೋನ್ ಟೈಮ್ ಒಂದೆರಡು ನಿಮಿಷ ಆಚೀಚೆ ಇದ್ರೆ ಕೋಡೂ ತಪ್ಪೇ. ಡೇಟ್ ಅಂಡ್ ಟೈಮ್‌ನಲ್ಲಿ ಆಟೋಮ್ಯಾಟಿಕ್ ಆನ್ ಮಾಡಿ.

ನೀವು ಲಾಗಿನ್ ಆಗ್ದೇ ಇರೋವಾಗ ಫೋನ್‌ಗೆ ಅಪ್ರೂವ್ ಮಾಡಿ ಅಂತ ಬಂದ್ರೆ ಕಾಟ ತಪ್ಲಿ ಅಂತ ಒತ್ಬೇಡಿ, ನಿಮ್ಮ ಪಾಸ್‌ವರ್ಡ್ ಆಗ್ಲೇ ಯಾರ ಕೈಗೋ ಹೋಗಿರಬಹುದು. ಡಿನೈ ಮಾಡಿ ತಕ್ಷಣ ಐಟಿಗೆ ಫೋನ್ ಮಾಡಿ. ಇದೆಲ್ಲ ಕಿರಿಕಿರಿ ಯಾಕೆ ಅನ್ನೋರಿಗೆ 2021ರ ಕಲೋನಿಯಲ್ ಪೈಪ್‌ಲೈನ್ ಕಥೆ ಸಾಕು. ಅಮೆರಿಕದ ಆ ಇಂಧನ ಕಂಪನಿಯೊಳಗೆ ರಾನ್ಸಮ್‌ವೇರ್‌ನೋರು ನುಗ್ಗಿದ್ದು ಒಂದು ಹಳೇ ವಿಪಿಎನ್ ಅಕೌಂಟ್ ಮೂಲಕ, ಅದಕ್ಕೆ ಬರೀ ಪಾಸ್‌ವರ್ಡ್ ಇತ್ತು, ಎರಡನೇ ಹಂತ ಇರ್ಲಿಲ್ಲ. ಪೈಪ್‌ಲೈನೇ ಕೆಲವು ದಿನ ನಿಂತೋಯ್ತು.

ವಿಪಿಎನ್ ರಗಳೆನೇ ಬೇಡ, ಆಫೀಸ್ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ತೆರೆದ್ರೆ ಆಗಲ್ವಾ?

ಆಗತ್ತೆ, ಅದೇ ತೊಂದ್ರೆ. ನಿಮಗೆ ಆಗೋ ತರ ಊರಿಗೆಲ್ಲ ಆಗತ್ತೆ. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದಿದ್ಯಾ ಅಂತ ಹುಡುಕೋ ಪ್ರೋಗ್ರಾಮ್‌ಗಳು ಇಂಟರ್ನೆಟ್ ತುಂಬಾ ಹಗಲೂ ರಾತ್ರಿ ಓಡ್ತಾನೇ ಇರ್ತವೆ, ಪೋರ್ಟ್ ನಂಬರ್ ಬದಲಾಯಿಸಿದ್ರೂ ಪತ್ತೆ ಹಚ್ತವೆ. 2019ರಲ್ಲಿ ಬ್ಲೂಕೀಪ್ ಅಂತ ಒಂದು ದೋಷ ಸಿಕ್ತು, ಪಾಸ್‌ವರ್ಡೇ ಇಲ್ದೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಬರಬಹುದಿತ್ತು, ಎಷ್ಟು ಗಂಭೀರ ಅಂದ್ರೆ ಸಪೋರ್ಟ್ ನಿಂತೋಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಬಿಡ್ತು. ರಿಮೋಟ್ ಡೆಸ್ಕ್‌ಟಾಪ್ ಬೇಕು ಅಂದ್ರೆ ವಿಪಿಎನ್ ಒಳಗಿಂದ ಬಳಸಿ.

ಸಂಜೆ ಕೆಲಸ ಮುಗಿಸಿ ಅಭ್ಯಾಸಬಲದಿಂದ ಆ ಆಫೀಸ್ ಕಂಪ್ಯೂಟರ್‌ಗೆ ಶಟ್‌ಡೌನ್ ಒತ್ಬಿಟ್ರೆ ಬೆಳಿಗ್ಗೆ ಆಫೀಸ್‌ನಲ್ಲಿ ಯಾರಾದ್ರೂ ಹೋಗಿ ಬಟನ್ ಒತ್ತೋ ತನಕ ನೀವು ಖಾಲಿ ಕೂರ್ಬೇಕು, ಡಿಸ್‌ಕನೆಕ್ಟ್ ಮಾತ್ರ ಮಾಡಿ. ಆಫೀಸ್ ಕಂಪ್ಯೂಟರ್‌ನ ಸ್ಲೀಪ್ ಸೆಟ್ಟಿಂಗೂ ಆಫ್ ಇರ್ಲಿ.

ನಾನು ನೋಡೋದೆಲ್ಲ ಕಂಪನಿಗೆ ಕಾಣತ್ತಾ?

ಫುಲ್ ಟನಲ್ ಇದ್ದು ವಿಪಿಎನ್ ಆನ್ ಇದ್ರೆ ಯಾವ ಸೈಟ್‌ಗೆ ಹೋದ್ರಿ, ಯಾವಾಗ, ಎಷ್ಟು ಡೇಟಾ ಅನ್ನೋದು ಕಾಣತ್ತೆ. ಸೈಟ್ ಎಚ್‌ಟಿಟಿಪಿಎಸ್ ಆದ್ರೆ ಒಳಗಿನ ವಿಷಯ ಸಾಮಾನ್ಯವಾಗಿ ಕಾಣಲ್ಲ, ಆದ್ರೆ ಕಂಪನಿ ತನ್ನ ಸರ್ಟಿಫಿಕೇಟ್ ಲ್ಯಾಪ್‌ಟಾಪ್‌ನಲ್ಲಿ ಹಾಕಿ ಬಿಚ್ಚಿ ನೋಡೋ ವ್ಯವಸ್ಥೆ ಇಟ್ಟಿದ್ರೆ ಅದೂ ಕಾಣತ್ತೆ. ವಿಪಿಎನ್ ಆಫ್ ಮಾಡಿದ್ರೂ ಕಂಪನಿ ಲ್ಯಾಪ್‌ಟಾಪ್ ಕಂಪನಿದೇ, ಅದರಲ್ಲಿ ಬೇರೆ ಮಾನಿಟರಿಂಗ್ ಇರಬಹುದು. ನಿಮ್ಮ ಸ್ವಂತ ಫೋನಲ್ಲಿ, ಅದೇ ಮನೆ ವೈಫೈನಲ್ಲಿ ನೋಡೋದು ಲ್ಯಾಪ್‌ಟಾಪ್ ವಿಪಿಎನ್ ಒಳಗೆ ಹೋಗಲ್ಲ, ಆ ಭಯ ಬೇಡ.

ದುಡ್ಡು ಕೊಟ್ಟು ಬೇರೆ ವಿಪಿಎನ್ ಆ್ಯಪ್ ಹಾಕ್ಕೊಂಡಿದೀನಿ, ಎರಡೂ ಒಟ್ಟಿಗೆ ಇರಬಹುದಾ?

ಬೇಡ. ಎರಡೂ ರೂಟಿಂಗ್ ಮತ್ತೆ ಡಿಎನ್‌ಎಸ್ ನಂದು ಅಂತ ಕಿತ್ತಾಡ್ತವೆ. ಅದೂ ಅಲ್ದೆ ನೀವು ಇನ್ಯಾವ್ದೋ ದೇಶದಿಂದ ಲಾಗಿನ್ ಆದ ಹಾಗೆ ಕಂಡು ಸೆಕ್ಯೂರಿಟಿಯವ್ರು ಅಕೌಂಟ್ ಬ್ಲಾಕ್ ಮಾಡಬಹುದು.

ಹೆಲ್ಪ್‌ಡೆಸ್ಕ್‌ಗೆ ಏನಂತ ಬರೀಲಿ?

"ಅರ್ಜೆಂಟ್" ಅಂತ ಬರೆಯೋ ಬದಲು ಇಂಥದ್ದು ಬರೀರಿ: "ಬೆಳಿಗ್ಗೆ 9:40ರಿಂದ ಎರರ್ 809, ಮನೆ ವೈಫೈನಲ್ಲೂ ಕೇಬಲ್‌ನಲ್ಲೂ ಅದೇ, ಹಾಟ್‌ಸ್ಪಾಟ್‌ನಲ್ಲಿ ಕನೆಕ್ಟ್ ಆಗತ್ತೆ, ನಿನ್ನೆ ರಾತ್ರಿ ರೂಟರ್ ಅಪ್‌ಡೇಟ್ ಆಗಿದೆ, ಮನೆ ಐಪಿ 192.168.0.14". ಎರರ್ ಇದ್ರೆ ಅದರ ಪೂರ್ತಿ ಸ್ಕ್ರೀನ್‌ಶಾಟ್, ಮೂಲೇಲಿ ಟೈಮ್ ಕಾಣೋ ಹಾಗೆ, ಯಾಕಂದ್ರೆ ಅವ್ರು ಗೇಟ್‌ವೇ ಲಾಗ್‌ನಲ್ಲಿ ಹುಡುಕೋದು ಟೈಮ್ ಹಿಡ್ಕೊಂಡೇ. ಆ ಟೈಮ್‌ಗೆ ಲಾಗ್‌ನಲ್ಲಿ ನಿಮ್ಮ ಹೆಸರೇ ಇಲ್ಲ ಅಂದ್ರೆ ನೀವು ಗೇಟ್‌ವೇ ತನಕ ಬಂದೇ ಇಲ್ಲ ಅಂತ, ಹೆಸರಿದ್ದು ಫೇಲ್ ಅಂತಿದ್ರೆ ಪಾಸ್‌ವರ್ಡ್ ಅಥವಾ ಒಟಿಪಿ. ಪಾಸ್‌ವರ್ಡನ್ನ ಮಾತ್ರ ಟಿಕೆಟ್‌ನಲ್ಲಿ ಬರೀಬೇಡಿ, ಹೆಲ್ಪ್‌ಡೆಸ್ಕ್ ಅಂತ ಹೇಳ್ಕೊಂಡು ಯಾರಾದ್ರೂ ಫೋನ್ ಮಾಡಿ ಕೇಳಿದ್ರೂ ಕೊಡ್ಬೇಡಿ, ಅವ್ರಿಗೆ ಅದರ ಅಗತ್ಯ ಇರಲ್ಲ.